ಮುಂದಿನ ವರ್ಷದ ಕ್ಷಮೆ

"ಇನ್ನ ಅಕ್ಕ ಒಬ್ಬಾಕಿ ಉಳದಾಳಪ್ಪಾ," ಎಂದು ಪಾರ್ಶ್ವ ಕಾರಿನಲ್ಲಿ ಕುಳಿತ.

ರವಿವಾರ ಪೇಟೆಯ ಮೆಣಸಿನಕಾಯಿ ವ್ಯಾಪಾರಿ ಧನ್ಯಕುಮಾರನ ಎದೆ ಆ ಕ್ಷಣ ಉಬ್ಬಿದ ರಭಸಕ್ಕೆ ಕಾರಿನ ಗಾಜು ಸಿಡಿಯದೆ ಉಳಿದದ್ದೇ ಹೆಚ್ಚು. ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರು ಮನೆಮನೆಗೆ ಹೋಗಿ, ವರ್ಷವಿಡೀ ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಬೇಡುವ ದಿನ ಅದು. ಉಳಿದವರು ಹತ್ತು ಮನೆ ಮುಗಿಸುವಷ್ಟರಲ್ಲಿ ಅವನ ಮಗ ಅರ್ಧ ಬೆಳಗಾವಿಗೆ ಕೈಮುಗಿದಿದ್ದ. ಮಹಾಂತೇಶ ನಗರದ ಎದುರುಮನೆಯ ಬಾಳವ್ವನಿಗೂ! ಎರಡು ವರ್ಷದ ಹಿಂದೆ, ಆಕೆ ತನ್ನ ನೀರಿಗೆ ವಿಷ ಬೆರೆಸುತ್ತಾಳೆಂದು ಇದೇ ಪಾರ್ಶ್ವ ಬೀದಿಯಲ್ಲಿ ನಿಂತು ಕೂಗಿದ್ದು ಕೊಲ್ಹಾಪುರದವರೆಗೆ ಕೇಳಿಸಿತ್ತು. ಡಾಕ್ಟರು ಸ್ಕಿಜೋಫ್ರೇನಿಯಾ ಎಂದಿದ್ದರು. ಈಗ ಗುಳಿಗೆ ಹಿಡಿದಿದ್ದವು. ಆಸ್ಪತ್ರೆಯಿಂದ ಬಂದು ಮೂರು ತಿಂಗಳು. ಕಿವಿಯೊಳಗಿನ ದನಿಗಳು ನಿಂತು ಎರಡು.

"ದನಿ ನಿಂತ ಮ್ಯಾಲೇ ಹೆಚ್ಚು ಲಕ್ಷ್ಯ ಇಡ್ರಿ," ಎಂದೂ ಡಾಕ್ಟರು ಹೇಳಿದ್ದರು. ಅದರಲ್ಲಿ ಧನ್ಯಕುಮಾರ ದನಿ ನಿಂತದ್ದನ್ನಷ್ಟೇ ಹಿಡಿದುಕೊಂಡು, ಪೇಟೆಗೆಲ್ಲ ಬುಟ್ಟಿಗಟ್ಟಲೆ ಕುಂದಾ ಹಂಚಿದ್ದ.

ಖಾನಾಪುರದ ಮಗಳ ಮನೆಯವರೆಗೂ ಅವನ ಬಾಯಿ ಕಾರಿಗಿಂತ ಮುಂದೆ ಓಡಿತು. ಮಗ ವಾರದೊಳಗೆ ಪುಸ್ತಕ, ಗಿಟಾರು, ಒಳ್ಳೆಯ ಅಂಗಿಗಳನ್ನೆಲ್ಲ ಕಂಡಕಂಡವರಿಗೆ ಕೊಟ್ಟು ಕೋಣೆ ಖಾಲಿ ಮಾಡಿದ್ದ. "ಅಪರಿಗ್ರಹ ಅಂದ್ರ ಇದಪಾ! ನಿನ್ನ ಮುಂದ ಮುನಿಗಳೂ ಸಂಸಾರಸ್ಥರು!" ಪಾರ್ಶ್ವ ನಕ್ಕ. ಹೊರಗೆ ಭತ್ತದ ಗದ್ದೆಗಳು ಹೊಡೆ ತುಂಬಿ ನಿಂತಿದ್ದವು. ಅವನು ಒಮ್ಮೆಯೂ ಅತ್ತ ನೋಡಲಿಲ್ಲ.

ಮಗಳು ಶರ್ವರಿ ಬಾಗಿಲಿಗೆ ಬಂದಳು. ಪಾರ್ಶ್ವ ಬಾಗಿ ಕೈಮುಗಿದ.

"ಉತ್ತಮ ಕ್ಷಮಾ, ಅಕ್ಕಾ. ಹಿಂದಿಂದಷ್ಟ ಅಲ್ಲ. ಮುಂದಿನ ವರ್ಷದ್ದೂ ಸೇರಿಸಿ ಮಾಡಿಬಿಡು."

"ಏ ಭಾರಿ ಅದಾನ! ಕ್ಷಮಾದಾಗೂ ಅಡ್ವಾನ್ಸ್ ಬುಕಿಂಗ್!" ಧನ್ಯಕುಮಾರನ ನಗೆಗೆ ಹೆಂಚಿನ ಮೇಲಿನ ಪಾರಿವಾಳಗಳೆಲ್ಲ ಗೋವೆಯ ದಿಕ್ಕಿಗೆ ಹಾರಿದವು.

ಶರ್ವರಿ ನಗಲಿಲ್ಲ. "ನೀನೂ ನನಗ ಕ್ಷಮಾ ಮಾಡೋ. ದವಾಖಾನಿಗೆ ಎಳಕೊಂಡ ಹೋದಾಕಿ ನಾನ."

"ನಿಂದೇನ ತಪ್ಪಕ್ಕಾ? ಎಲ್ಲಾ ನಂದ." ಕೈಗಡಿಯಾರ ಬಿಚ್ಚಿ ಅವಳ ಅಂಗೈಯಲ್ಲಿಟ್ಟು, "ಇಟ್ಗೋ," ಎಂದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ.

ಶರ್ವರಿ ಅಪ್ಪನ ತೋಳು ಹಿಡಿದು ಅಡುಗೆಮನೆಗೆ ಎಳೆದಳು. "ನಿನ್ನ ಬಡಾಯಿ ಸಾಕಪ್ಪಾ. ಅಂವ ಕ್ಷಮಾ ಕೇಳಾಕ ಬಂದಿಲ್ಲ. ಹೇಳಿ ಹೋಗಾಕ ಬಂದಾನ."

"ಕೆಟ್ಟ ಮಾತ ಆಡಬ್ಯಾಡ. ಆರಾಮ ಆಗ್ಯಾನ..."

"ಆರಾಮ ಆಗಿದ್ದಕ್ಕ ಅವಂಗ ಎಲ್ಲಾ ಕಾಣಾಕತ್ತೈತಿ. ಹೋಗಿ ಕೇಳು. ಸುತ್ತಿ ಬಳಸಿ ಅಲ್ಲ, ನೇರ ಕೇಳು. ನಾ ಡಾಕ್ಟರಿಗೆ ಫೋನ್ ಹಚ್ತೀನಿ."

ಹಿತ್ತಲಿಗೆ ಹತ್ತೇ ಹೆಜ್ಜೆ. ಧನ್ಯಕುಮಾರನಿಗೆ ಅದು ಯಾತ್ರೆಗೆ ಹೋಗಿ ಶಿಖರ್ಜಿ ಬೆಟ್ಟ ಹತ್ತಿದ್ದಕ್ಕಿಂತ ದೂರವಾಯಿತು, ಮತ್ತು ಈ ಮಾತಿನಲ್ಲಿ ಕೂದಲೆಳೆಯಷ್ಟೂ ಉಬ್ಬಿಸಿದ್ದಿಲ್ಲ. ಪಕ್ಕದಲ್ಲಿ ಕುಳಿತ. ಸಾವಿರ ಗಿರಾಕಿಗಳನ್ನು ಮಾತಿನಲ್ಲೇ ಕಟ್ಟಿಹಾಕಿದವನಿಗೆ ನಾಲ್ಕು ಪದ ಕೂಡಿಸಲು ಒಂದು ಯುಗ ಹಿಡಿಯಿತು.

"ಪಾರ್ಶ್ವಾ... ಸಾಯೂ ವಿಚಾರ ಐತೇನ?"

ಪಾರ್ಶ್ವ ಗಡಿಯಾರ ಬಿಚ್ಚಿದ ಮಣಿಕಟ್ಟನ್ನು ನೋಡಿಕೊಂಡ.

"ದನಿ ಇದ್ದಾಗ ನಾ ಏನೋ ದೊಡ್ಡಾಂವ ಅನಸ್ತಿತ್ತಪ್ಪಾ. ಬೈದ್ರೂ ನನ್ನ ಕೂಡ ಮಾತಾಡ್ತಿದ್ವು. ಈಗ ಸಪ್ಪಳ ಇಲ್ಲ. ಬಾಳವ್ವ ಅವತ್ತ ಹೆಂಗ ಅಂಜಿದ್ಲು, ಅದು ಕಾಣತೈತಿ. ನನ್ನ ಜೋಡಿ ಕಲ್ತಾವ್ರು ಎಲ್ಲಿ ಮುಟ್ಟ್ಯಾರ, ಅದೂ ಕಾಣತೈತಿ. ಮುಂದ ನೋಡಿದ್ರ ಮಾತ್ರ ಏನೂ ಕಾಣಂಗಿಲ್ಲ." ಅಪ್ಪನತ್ತ ತಿರುಗಿ, "ಹೂಂ. ಐತಿ," ಎಂದ.

ಧನ್ಯಕುಮಾರ ಮಗನ ಕೈ ಹಿಡಿದ.

"ಹಿಂದಿಂದೆಲ್ಲಾ ಮಾಫ್. ಮುಂದಿನ ವರ್ಷದ್ದ ನಾ ಕೊಡಂಗಿಲ್ಲ. ಮುಂದಿನ ವರ್ಷ ನೀನ ಬಂದು ಕೇಳಬೇಕು."

ಒಳಗಿನಿಂದ ಶರ್ವರಿಯ ದನಿ ಕೇಳಿಸುತ್ತಿತ್ತು: "ಹೌದ್ರಿ ಡಾಕ್ಟರ್, ಈಗ ಹೊಂಟ್ವಿ. ಇಲ್ರಿ, ಒಬ್ಬಂವನ್ನ ಬಿಡಂಗಿಲ್ಲ."

ಪಾರ್ಶ್ವ ಕೈ ಬಿಡಿಸಿಕೊಳ್ಳಲಿಲ್ಲ. ಹಿಡಿಯಲೂ ಇಲ್ಲ. ಅವನ ಇನ್ನೊಂದು ಕೈ ಕಲ್ಲಿನ ಒದ್ದೆ ಪಾಚಿಯ ಮೇಲೆ, ಅಂಗೈ ಮೇಲಾಗಿ, ಇಟ್ಟಲ್ಲೇ ಬಿದ್ದಿತ್ತು.