ಸತ್ಯಪ್ರಕಾಶನ ಮೊಹರು

ಪರದೇಶದ ಮೆಡೋವೇಲ್ ಎಂಬ ಊರಿನಲ್ಲಿರುವ ನಮ್ಮ ಕಂಪನಿ ಜಪಾನಿನವರದು. ಕಾರಿನ ಬ್ರೇಕಿನ ಬಿಡಿಭಾಗಗಳನ್ನು ಪರೀಕ್ಷಿಸುವುದು ನನ್ನ ಕೆಲಸ, ಅದೂ ಕಾಂಟ್ರಾಕ್ಟಿನ ಮೇಲೆ. ಮ್ಯಾನೇಜರ್ ಮೊರಿತಾ ಎಂದರೆ ನನಗೆ ವಿಪರೀತ ಅಭಿಮಾನ. ಆಫೀಸಿನ ಪೆನ್ನು ತಪ್ಪಿ ಮನೆಗೆ ಹೋದರೆ ಮರುದಿನ ಕ್ಷಮೆ ಕೇಳಿ ತಂದಿಡುವ ಮನುಷ್ಯ. "ಇಂಥಾ ಒಬ್ಬಾವ ನಮ್ಮ ಧಾರವಾಡದ ಆಫೀಸಿನ್ಯಾಗ ಇದ್ದಿದ್ರ!" ಎಂದು ಹೆಂಡತಿ ಗಿರಿಜಾಳ ತಲೆ ತಿನ್ನುತ್ತಿದ್ದೆ.

"ಸಾಕು ಬಿಡ್ರಿ ನಿಮ್ಮ ಮೊರಿತಾ ಪುರಾಣ. ಪರ್ಮನೆಂಟ್ ಯಾವಾಗ ಮಾಡ್ತಾರ, ಅದನ್ನ ಕೇಳ್ರಿ ಮೊದಲ," ಎನ್ನುತ್ತಿದ್ದಳು. ಅದರ ಶಿಫಾರಸು ಮೊರಿತಾ ಅವರ ಕೈಯಲ್ಲೇ ಇತ್ತು.

2017ರ ಅಕ್ಟೋಬರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಸತ್ಯಪ್ರಕಾಶ್ ರಜೆ ಹಾಕಿ ಉಡುಪಿಗೆ ಹೋದ. ಪರೀಕ್ಷಿಸುವವರು ನಾವಿಬ್ಬರಾದರೂ ಲೈಸೆನ್ಸ್ ಇದ್ದದ್ದು ಅವನೊಬ್ಬನಿಗೆ. ಜಪಾನಿನ ಪದ್ಧತಿಯಂತೆ ಅವನ ಹೆಸರಿನ ಮೊಹರು ಬೀಳದೆ ಮಾಲು ಹೊರಗೆ ಹೋಗುವಂತಿಲ್ಲ. ಟ್ರಕ್ಕು ಬಂದು ಕಾಯುತ್ತಿತ್ತು. ಮೊರಿತಾ ಡ್ರಾಯರಿನಿಂದ ಅವನ ಮೊಹರು ತೆಗೆದು, ಪರೀಕ್ಷಾ ವರದಿಯ ನಲವತ್ತು ಹಾಳೆಗಳೊಂದಿಗೆ ನನ್ನ ಮುಂದಿಟ್ಟರು.

"ಅವನು ಊರಲ್ಲೇ ಇಲ್ಲವಲ್ಲ ಸರ್. ಪರೀಕ್ಷಿಸಿದ್ದು ನಾನು. ನನ್ನ ಸಹಿ ಹಾಕಲೇ?" ಎಂದೆ.

ಅವರು ನಿಜಕ್ಕೂ ಗಾಬರಿಯಾದರು. "ನಿಮ್ಮ ಸಹಿಯೇ, ದಾನಪ್ಪ-ಸಾನ್?" ಎಂದರು, ಎಂದಿನಂತೆ ನನ್ನ ಹೆಸರಿಗೆ ಜಪಾನಿ ಗೌರವದ 'ಸಾನ್' ಸೇರಿಸಿ. " ಅದು ನಿಯಮಕ್ಕೆ ವಿರುದ್ಧ."

ಒಂದು ಒತ್ತಿದೆ. ಓರೆಯಾಗಿ ಬಿತ್ತು. ಅವರು ಆ ಹಾಳೆ ಹರಿದು ಹೊಸದನ್ನಿಟ್ಟು, ಮಗುವಿಗೆ ಅಕ್ಷರ ತಿದ್ದಿಸುವಷ್ಟು ತಾಳ್ಮೆಯಿಂದ, "ನೆಟ್ಟಗೆ ಬೀಳಬೇಕು," ಎಂದರು.

ನಮ್ಮೂರಲ್ಲಿ ಲಂಚ ತೆಗೆದುಕೊಳ್ಳುವವನು ಒಮ್ಮೆಯಾದರೂ ಆಚೀಚೆ ನೋಡುತ್ತಾನೆ. ಇವರು ಬಾಗಿಲು ಕೂಡ ಹಾಕಿರಲಿಲ್ಲ. ಒಂದು ಪೈಸೆ ಮುಟ್ಟುವವರಲ್ಲ. ತಾವು ಮಾಡುತ್ತಿರುವುದು ತಪ್ಪೆಂಬ ಅನುಮಾನವೂ ಅವರಿಗಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ. ಗಿರಿಜಾಳ ಮುಖ ನೆನಪಾಯಿತು. ಆದರೂ ಎರಡನೆಯ ಸಲ ಕೈ ಏಳಲಿಲ್ಲ.

"ನನ್ನಿಂದ ಆಗೋದಿಲ್ಲ ಸರ್."

ಅವರು ಸಿಟ್ಟಾಗಲಿಲ್ಲ. ಕುಳಿತು ನಲವತ್ತಕ್ಕೂ ತಾವೇ ಒತ್ತಿದರು. ಒಂದೂ ಓರೆಯಾಗಲಿಲ್ಲ. ಟ್ರಕ್ಕು ಹೋಯಿತು. ಆಮೇಲೆ ನನ್ನ ಫೈಲು ತೆಗೆದು, 'ಸೂಚನೆ ಪಾಲಿಸಲಿಲ್ಲ. ಕಾಯಂ ಮಾಡಲು ಶಿಫಾರಸಿಲ್ಲ' ಎಂದು ಬರೆದು ನನ್ನತ್ತ ತಿರುಗಿಸಿದರು. ಬರೆದದ್ದನ್ನು ನೌಕರನಿಗೆ ಓದಲು ಕೊಟ್ಟು ಸಹಿ ಪಡೆಯಬೇಕು, ಅದೂ ನಿಯಮವೇ.

ಓದಿದೆ.

"ಇದಕ್ಕೂ ಸತ್ಯಪ್ರಕಾಶನ ಮೊಹರು ನಡೆಯುತ್ತದೆಯೇ?" ಎಂದು ಕೇಳಿಯೇಬಿಟ್ಟೆ.

"ಇಲ್ಲ ದಾನಪ್ಪ-ಸಾನ್," ಎಂದರು ಮೊರಿತಾ, ಗಂಭೀರವಾಗಿಯೇ. "ಇದಕ್ಕೆ ನಿಮ್ಮ ಸಹಿಯೇ ಆಗಬೇಕು."