ತೆರೆದವನೇ ಮುಚ್ಚಬೇಕು

ಮಗಳು ಹಳೆಯ ಬ್ರಷ್ಷಿನಿಂದ ಅಪ್ಪನ ಉಗುರು ತಿಕ್ಕುತ್ತಿದ್ದಳು. ಎಣ್ಣೆಯ ಕಪ್ಪು ಹೋಗುವ ಲಕ್ಷಣವೇ ಇರಲಿಲ್ಲ.

"ಸಾಕು ಬಿಡೇ, ವ್ಯಾನು ಬಂತು," ಎಂದಳು ಅತ್ತೆ. ಕಿಟಕಿಯಾಚೆ ನೋಡಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ದೊಡ್ಡಣ್ಣ ಬೆಳಿಗ್ಗೆಯಿಂದ ರಸ್ತೆ ಆಚೇನೇ ನಿಂತಿದಾನೆ. ಒಡಹುಟ್ಟಿದೋನು ಸತ್ತ ಮೇಲೂ ಎಂಥಾ ಹಟ! ಕರೀಲಾ?"

"ಬೇಡತ್ತೆ. ಕರೆದ್ರೆ ಹೊರಟೇ ಹೋಗ್ತಾರೆ."

ದೊಡ್ಡಪ್ಪ ತಾನಾಗಿಯೇ ಬರಲಿ ಎಂಬುದೊಂದೇ ಅವಳ ಆಸೆ. ಹೆಣ ಎತ್ತುವಷ್ಟರಲ್ಲಿ ಬಾರದಿದ್ದರೆ ಇನ್ನು ಎಂದೂ ಬಂದ ಹಾಗಲ್ಲ.

*

ಎಣ್ಣೆ ಡಿಪೋದಲ್ಲಿ ಪ್ರತಿ ಟ್ಯಾಂಕಿನ ಸುತ್ತ ಎದೆಮಟ್ಟದ ಕಟ್ಟೆ. ಟ್ಯಾಂಕು ಸೋರಿದರೆ ಎಣ್ಣೆ ಅದರೊಳಗೇ ನಿಲ್ಲಬೇಕು. ಮಳೆನೀರು ಬಿಡಲು ಬುಡದಲ್ಲೊಂದು ವಾಲ್ವ್. ತೆರೆದವನು ಮುಚ್ಚುವ ತನಕ ಅಲ್ಲಿಂದ ಕದಲುವಂತಿಲ್ಲ. ಊಟವಿಲ್ಲ, ಬೀಡಿಯಂತೂ ಕೇಳಲೇಬೇಡಿ. ಇಪ್ಪತ್ತಾರು ವರ್ಷ ಹಾಗೆ ನೀರು ನೋಡುತ್ತ ನಿಂತ ಅಪ್ಪನನ್ನು ಎಲ್ಲರೂ ಕೊಕ್ಕರೆ ಎಂದೇ ಕರೆಯುತ್ತಿದ್ದರು.

ಒಂದೇ ಒಂದು ದಿನ ವಾಲ್ವ್ ತೆರೆದೇ ಉಳಿಯಿತು. ಎಣ್ಣೆ ಕಾಲುವೆಗೆ ಇಳಿಯಿತು. ಕೆಳಗೆ ಮೀನು ಹಿಡಿದು ಬದುಕುತ್ತಿದ್ದ ಅಣ್ಣನ ದೋಣಿ, ಬಲೆ, ಮೀನು ಎಲ್ಲಕ್ಕೂ ಡಾಂಬರು ಬಳಿದಂತಾಯಿತು.

"ಎಲ್ಲಿ ಹೋಗಿದ್ದೆ?" ಎಂದು ಸಾಹೇಬರು ಕೇಳಿದರು. ಅಣ್ಣನೂ ಕೇಳಿದ.

"ತೆರೆದೋನು ನಾನು. ಮುಚ್ಚಬೇಕಾದೋನೂ ನಾನೇ." ಅಷ್ಟು ಬಿಟ್ಟು ಇನ್ನೊಂದು ಮಾತು ಅವನ ಬಾಯಿಂದ ಬರಲಿಲ್ಲ.

*

ವ್ಯಾನಿನ ಬಾಗಿಲು ಹಾಕಿದ ಮೇಲೆ ಡಿಪೋದ ಸೂಪರ್‌ವೈಸರ್ ಮಗಳನ್ನು ಪಕ್ಕಕ್ಕೆ ಕರೆದ.

"ನಿಮ್ಮಪ್ಪ ಮರೆತಿರಲಿಲ್ಲ ಕಣಮ್ಮ. ಅವತ್ತು ನಿನಗೆ ಜ್ವರ ಏರಿದೆ ಅಂತ ಫೋನ್ ಬಂತು. 'ನೀವು ಹೋಗಿ ಅಣ್ಣಾ, ನಾನು ನಿಂತಿರ್ತೀನಿ' ಅಂದೆ. ಆಗ ನಾನಿನ್ನೂ ಕೆಲಸಕ್ಕೆ ಹೊಸಬ. ಮಳೆ ಅಂತ ಶೆಡ್ಡಿಗೆ ಹೋಗಿ ಕೂತೆ, ಕಣ್ಣು ಹತ್ತಿಬಿಡ್ತು. ಅಷ್ಟರಲ್ಲಿ ಟ್ಯಾಂಕಿನ ಪೈಪು ಒಡೆದಿತ್ತು."

"ಹನ್ನೊಂದು ವರ್ಷ ಬಾಯಿಗೇನು ಬೀಗ ಹಾಕಿತ್ತಾ?"

"ನಿಮ್ಮಪ್ಪನೇ ಸುಮ್ನಿರು ಅಂದ್ರು. ಸುಮ್ನಿದ್ಬಿಟ್ಟೆ."

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಒಂದು ವಾಲ್ವ್ ಮುಚ್ಚೋಕೆ ನಿಂಗೇನು ಧಾಡಿಯಾಗಿತ್ತಪ್ಪಾ ಎಂದು ಅಪ್ಪನನ್ನು ಅವಳೇ ಎಷ್ಟು ಸಲ ಹಂಗಿಸಿರಲಿಲ್ಲ! ಆಗೆಲ್ಲ ಅಪ್ಪ ತಟ್ಟೆ ನೋಡುತ್ತ ಉಣ್ಣುತ್ತಿದ್ದ.

"ನನಗೆ ಹೇಳಿ ಏನು ಬಂತು? ಅಲ್ಲಿ ನಿಂತಿದಾರಲ್ಲ, ಅವರಿಗೆ ಹೇಳಿ. ಜ್ವರದ ವಿಷಯಾನೂ ಹೇಳಿ."

ಸೂಪರ್‌ವೈಸರ್ ರಸ್ತೆ ದಾಟಿದ. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ.

"ಅಟ್ಟ ಮೇಲೆ ಒಲೆ ಉರಿದರೆ ಏನು ಬಂತು," ಎಂದು ಅತ್ತೆ ಗೊಣಗಿದಳು.

ದೊಡ್ಡಪ್ಪ ಬಂದ. ಯಾರ ಮುಖವನ್ನೂ ನೋಡದೆ ವ್ಯಾನಿನ ಹಿಂಬಾಗಿಲನ್ನು ಅಂಗೈಯಿಂದ ಬಡಿದ.

"ತೆಗೀರಿ. ಎದುರಿಗೆ ಸಿಕ್ಕಾಗೆಲ್ಲ ಮುಖ ತಿರುಗಿಸ್ದೆ. ಒಂದ್ಸಲ ನೋಡ್ತೀನಿ."

ಡ್ರೈವರ್ ಗಡಿಯಾರ ನೋಡಿಕೊಂಡು ತೆಗೆದ. ದೊಡ್ಡಪ್ಪ ಮಂಡಿಯೂರಿ ಒಳಗೆ ತೆವಳಿ, ತಮ್ಮನ ಮಗ್ಗುಲಿಗೆ ಒರಗಿದ. ಬಾಗಿಲಲ್ಲಿ ನಿಂತ ಮಗಳಿಗೆ ಕಂಡದ್ದು ನಾಲ್ಕು ಅಂಗಾಲುಗಳು ಮಾತ್ರ. ಅವುಗಳಲ್ಲಿ ಎರಡು ನಡುಗುತ್ತಿದ್ದವು.