ನೀಲವ್ವನ ಭುಜ, ನೀಲವ್ವನ ಸೆರಗು

ಕೈಗೆ ಪೆಟ್ಟಾದರೆ ಬಿಗಿಯಾಗಿ ಕಟ್ಟಿ ಸುಮ್ಮನೆ ಕೂರಬೇಕು ಎಂದು ನಮ್ಮಲ್ಲಿ ಎಷ್ಟು ಜನ ನಂಬಿಲ್ಲ? ಅಮೆರಿಕದ ಯೂನಿಯನ್ ಸಿಟಿಯಲ್ಲಿ ಮಗ ಶರಣಪ್ಪನ ಮನೆಯಲ್ಲಿರುವ ನೀಲವ್ವನೂ ನಂಬಿದ್ದರು.

೧೯೮೬ರ ಜನವರಿಯಲ್ಲಿ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಜಾರಿ ಅವರ ಬಲಭುಜಕ್ಕೆ ಪೆಟ್ಟಾಯಿತು. ಡಾಕ್ಟರು ಎಕ್ಸ್‌ರೇ ನೋಡಿ, ಎಲುಬು ಮುರಿದಿಲ್ಲ, ನಾಲ್ಕು ದಿನ ಬಿಟ್ಟು ಕೈ ಆಡಿಸಿ ಎಂದರು. ನೀಲವ್ವ ಕೇಳಬೇಕಲ್ಲ! ಹಳೆಯ ಸೀರೆ ಹರಿದು ಕೈಯನ್ನು ಎದೆಗೆ ಬಿಗಿದುಕೊಂಡರು. ಅವರ ಊರಿನಲ್ಲಿ ಕಟ್ಟು ಕಟ್ಟಿದರೆ ನಲವತ್ತೈದು ದಿನ ಬಿಚ್ಚುವಂತಿಲ್ಲ.

ನಲವತ್ತಾರನೆಯ ದಿನ ಬಿಚ್ಚಿದರೆ ಕೈ ಭುಜದ ಮಟ್ಟಕ್ಕೂ ಏಳಲಿಲ್ಲ. ತಲೆ ಮೇಲೆ ಸೆರಗಿಲ್ಲದೆ ಹೊರಗೆ ಕಾಲಿಡದ ಹೆಂಗಸು ಅವರು. ತುರುಬು ಕಟ್ಟಲು, ಸೆರಗು ಹೊದೆಯಲು, ಎರಡಕ್ಕೂ ಸೊಸೆಯನ್ನು ಕರೆಯಬೇಕಾಯಿತು. ನಾಚಿಕೆಯಿಂದ ಹತ್ತಿರದ ಊರಾದ ಮಿಲ್ಪಿಟಾಸ್‌ನ ಭಾನುವಾರದ ಭಜನೆಯನ್ನೂ ಬಿಟ್ಟರು.

ಸೊಸೆ ಪಕ್ಕದ ಮನೆಯ ಮೈಥಿಲಿಯನ್ನು ಕರೆತಂದಳು. ಮೈಸೂರಿನ ಮೈಥಿಲಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್.

"ಅಮ್ಮ, ಡಾಕ್ಟರ್ ಹೇಳಿದ ಹಾಗೆ ಕೈ ಆಡಿಸಲಿಲ್ವಾ?"

"ಆಡಿಸಿದ್ರ ಮತ್ತಷ್ಟು ಕೆಡ್ತದ ತಂಗಿ. ನೋವಿದ್ದಾಗ ಯಾರರ ಆಡಿಸ್ತಾರೇನು?"

ಮೈಥಿಲಿ ಒಂದು ಬಟ್ಟಲಲ್ಲಿ ನಿಂಬೆಹಣ್ಣು ಇಟ್ಟು ತಿರುಗಿಸಿದಳು. "ನಿಮ್ಮ ಭುಜದ ಕೀಲು ಹೀಗಿದೆ. ಎಲ್ಲಾ ಕಡೆಗೂ ತಿರುಗುತ್ತೆ. ಸೊಂಟದ ಹತ್ತಿರ ತೊಡೆ ಸೇರೋದೂ ಹೀಗೇನೇ. ಮೊಣಕೈ ಮಾತ್ರ ಬಾಗಿಲಿನ ಥರ, ತೆಗಿಯೋದು, ಮುಚ್ಚೋದು, ಅಷ್ಟೆ."

"ಹಂಗಾರ ಕುತ್ತಿಗಿ? ಬೀಸೂಕಲ್ಲು ಗೂಟದ ಸುತ್ತ ತಿರುಗಿದಂಗ ತಿರುಗ್ತದಲ್ಲ?"

"ಸರಿಯಾಗಿ ಹೇಳಿದ್ರಿ! ತಲೆಬುರುಡೆಯಲ್ಲೂ ಕೀಲುಗಳಿವೆ, ಅವು ಅಲ್ಲಾಡೋದೇ ಇಲ್ಲ. ಭುಜ ಹಾಗಲ್ಲಮ್ಮ. ಅದರ ಸುತ್ತ ಒಂದು ಪೊರೆ ಇದೆ. ಆಡಿಸದೇ ಇದ್ರೆ ಅದು ಬಿಗಿದುಕೊಂಡುಬಿಡುತ್ತೆ."

ನೀಲವ್ವ ಎಡಗೈಯಿಂದ ಬಟ್ಟಲಿನ ನಿಂಬೆಹಣ್ಣನ್ನು ತಿರುಗಿಸಿ ನೋಡಿದರು. "ಅಂದ್ರ ನನ್ನ ಕೈ ನಾನೇ ಕೆಡಿಸ್ಕೊಂಡೆ."

ಮೈಥಿಲಿಗೆ ಪಾಪ ಎನಿಸಿತು. "ಕೈ ಮತ್ತೆ ಸರಿಹೋಗುತ್ತಮ್ಮ. ಆದ್ರೆ ತಿಂಗಳುಗಟ್ಟಲೆ ದಿನಾ ಮಾಡ್ಬೇಕು."

ಬಗ್ಗಿ ನಿಂತು ಕೈ ಜೋಲುಬಿಟ್ಟು ತೂಗುವುದು, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸುವುದು, ನೋವು ಚುಚ್ಚಿದರೆ ಅಲ್ಲಿಗೇ ನಿಲ್ಲಿಸುವುದು, ಮೈಥಿಲಿ ಕಲಿಸಿದ್ದು ಇಷ್ಟು. ಬೆರಳು ಮುಟ್ಟಿದಲ್ಲಿ ಶರಣಪ್ಪ ಪೆನ್ಸಿಲಿನಿಂದ ಗೆರೆ ಎಳೆದ. ಮನೆ ಮಾಲೀಕ ನೋಡಿದ್ದರೆ ಮಂಗಳಾರತಿ ಖಂಡಿತ. ಕೆಲವು ವಾರ ಗೆರೆ ಇದ್ದಲ್ಲೇ ಇತ್ತು. ನೀಲವ್ವ ಅತ್ತರು, ಆದರೆ ಬಿಡಲಿಲ್ಲ.

ಆಗಸ್ಟಿನ ಒಂದು ಭಾನುವಾರ ಸೊಸೆ ಸೆರಗು ಹೊದಿಸಲು ಬಂದಳು. "ನೀ ಅತ್ತಾಗ ಸರಿ," ಎಂದು ನೀಲವ್ವ ಬಲಗೈ ಎತ್ತಿ ತಾವೇ ಸೆರಗನ್ನು ತಲೆಯ ಮೇಲೆಳೆದುಕೊಂಡರು. "ಶರಣಾ, ಕಾರ್ ತಗಿ. ಭಜನಿಗೆ ಹೊತ್ತಾತು."

ಓದುಗರೇ, ಪೆಟ್ಟಾದರೆ ಮೊದಲು ಡಾಕ್ಟರಿಗೆ ತೋರಿಸಿ. ಎಲುಬು ಮುರಿದಿದ್ದರೆ ಅವರು ಹೇಳುವ ತನಕ ಕಟ್ಟು ಬಿಚ್ಚಬೇಡಿ. ಆಡಿಸಿ ಎಂದರೆ ಆಡಿಸಿ, ನಲವತ್ತಾರನೆಯ ದಿನಕ್ಕೆ ಕಾಯಬೇಡಿ. ಈಗ ಈ ಹಾಳೆಯನ್ನು ಕೆಳಗಿಟ್ಟು ನಿಮ್ಮ ಎರಡೂ ಕೈಗಳನ್ನು ಮೇಲೆತ್ತಿ ನೋಡಿ.